ನಾಲಗೆಯ ತುದಿಯ ಹೆಸರು

ಎಪ್ಪತ್ತು ದಾಟಿದ ವರ್ತಕರೊಬ್ಬರು ಅಂಗಡಿಗೆ ಬಂದ ಹಳೆಯ ಗಿರಾಕಿಯನ್ನು ಕಂಡೊಡನೆ ಗುರುತಿಸಿದರು. ಅವರ ಊರು, ಮನೆತನ, ಖಾತೆಯ ಬಾಕಿ ಎಲ್ಲವೂ ನೆನಪಿಗೆ ಬಂದವು. ಹೆಸರೊಂದು ಮಾತ್ರ ಬರಲಿಲ್ಲ. ಗಲ್ಲಾದ ಬಳಿಯಿದ್ದ ಮಗ ಥಟ್ಟನೆ ಹೆಸರು ಹೇಳಿ, "ಅಪ್ಪಾಜಿಗೆ ಈಗೀಗ ಮರೆವು" ಎಂದು ನಕ್ಕನು. ಅಂದಿನಿಂದ ಆ ಹಿರಿಯರು ಗಿರಾಕಿಗಳೊಡನೆ ಮಾತನ್ನೇ ಕಡಿಮೆ ಮಾಡಿದರು.

ಮಗ ಕಂಡದ್ದು ಮರೆವಲ್ಲ. ಮಾತು ನಾಲಗೆಯ ತುದಿಯಲ್ಲಿದ್ದೂ ಹೊರಬಾರದ ಅನುಭವವು ತರುಣರಿಗಿಂತ ಆರೋಗ್ಯವಂತ ವೃದ್ಧರಲ್ಲಿ ಹೆಚ್ಚೆಂದು, ವ್ಯಕ್ತಿನಾಮಗಳಲ್ಲಂತೂ ವಿಶೇಷವೆಂದು, ಡೆಬೊರಾ ಬರ್ಕ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಅವರ ವಿವರಣೆಯಂತೆ ಅರ್ಥವು ಅಳಿದಿರುವುದಿಲ್ಲ. ಅರ್ಥದಿಂದ ಧ್ವನಿಗೆ ಸಾಗುವ ಕೊಂಡಿ ಸಡಿಲಗೊಂಡಿರುತ್ತದೆ. ಆದುದರಿಂದಲೇ ಇತರರು ನುಡಿದ ಪದವನ್ನು ಗುರುತಿಸುವ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ. ಪದಸಂಪತ್ತು ಅನೇಕರಲ್ಲಿ ಬೆಳೆಯುತ್ತಲೂ ಇರುತ್ತದೆ.

ಪರಿಚಿತ ದಾರಿಯೇ ತಪ್ಪಿದರೆ, ದಿನಬಳಕೆಯ ವಸ್ತುವಿನ ಉಪಯೋಗವೇ ತಿಳಿಯದಾದರೆ ವೈದ್ಯರನ್ನು ಕಾಣಬೇಕು. ಕೇವಲ ಹೆಸರು ತಡವಾದರೆ ಬೇಕಾದುದು ಸುತ್ತಲಿನವರ ಸಹನೆ. ನಗೆಮಾತಿನಲ್ಲಿಯೂ ಹಿಂಸೆಯುಂಟು. ಸಾಲಗಾರನಿಗೆ ತಿಂಗಳುಗಟ್ಟಲೆ ಅವಧಿ ಕೊಡುವ ಅಂಗಡಿಯು, ಅದನ್ನು ಕಟ್ಟಿದ ಹಿರಿಯರಿಗೆ ಅರೆಗಳಿಗೆಯ ಅವಧಿಯನ್ನು ಕೊಡಲಾರದೆ?