ಹಸಿವೆಂದು ಹೇಳಲು ನಾಚಿದ ಸೊಸೆ

ಮನೆಗೆ ಬಂದವರನ್ನು ಉಣ್ಣದೆ ಕಳಿಸಬಾರದೆಂಬುದು ನಮ್ಮ ಮನೆತನಗಳ ರೂಢಿ. ಹಾದಿಯಲ್ಲಿ ಹೋಗುವವರನ್ನೂ "ಊಟ ಆತೇನ್ರಿ?" ಎಂದು ಕೇಳುವ ನಾವು ದಂಪತಿಗಳು, ನಮ್ಮ ಮನೆಯೊಳಗಿನ ಒಂದು ಜೀವದ ಹಸಿವನ್ನು ಕಾಣದೆ ಹೋದೆವು. ಈ ತಪ್ಪು ಬೇರೆ ಮನೆಗಳಲ್ಲಿ ಆಗದಿರಲೆಂದು ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ನಮ್ಮ ಹಿರಿಯ ಸೊಸೆಯ ತೂಕ ಎರಡನೆಯ ಹೆರಿಗೆಯ ತರುವಾಯ ಏರುತ್ತ ಹೋಗಿ 118 ಕಿಲೋ ಮುಟ್ಟಿತು. ಸಕ್ಕರೆ ಕಾಯಿಲೆ ಬಂದಿತು, ಮೊಣಕಾಲುಗಳು ಸೋತವು. ಪಥ್ಯ, ನಡಿಗೆ ಎಲ್ಲವೂ ಆದ ಮೇಲೆ 2022ರಲ್ಲಿ ವೈದ್ಯರ ಸಲಹೆಯಂತೆ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಇದಕ್ಕೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂದು ಹೆಸರು. ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಚೀಲ.

ಮೊದಲ ತಿಂಗಳುಗಳಲ್ಲಿ ಆಕೆಗೆ ಹಸಿವೆಂಬುದೇ ಇರಲಿಲ್ಲ. ಬೇಳೆಯ ಕಟ್ಟು, ಮಜ್ಜಿಗೆ, ಆಮೇಲೆ ಕಿವುಚಿದ ಅನ್ನ, ಎಲ್ಲವನ್ನೂ ಔಷಧಿಯಂತೆ ನೆನಪಿಸಿ ಉಣಿಸಬೇಕಾಗಿತ್ತು. ತೂಕ ಇಳಿಯಿತು, ಸಕ್ಕರೆಯ ಮಾತ್ರೆಗಳು ಕಡಿಮೆಯಾದವು. ಇನ್ನು ಹಸಿವಿನ ಕಾಟ ಶಾಶ್ವತವಾಗಿ ತಪ್ಪಿತೆಂದು ನಾವು ನಂಬಿದೆವು.

ಒಂಬತ್ತನೆಯ ತಿಂಗಳಲ್ಲಿ ಒಂದು ರಾತ್ರಿ ಅಡಿಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಸೊಸೆ ಕತ್ತಲಲ್ಲಿ ನಿಂತು ಡಬ್ಬಿಯಿಂದ ಚುರುಮುರಿ ತಿನ್ನುತ್ತಿದ್ದಳು. ನಮ್ಮನ್ನು ಕಂಡೊಡನೆ ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಹಸಿವಿ ಆಗತೈತ್ರಿ ಅತ್ತಿ. ಹೇಳಾಕ ನಾಚಿಕಿ ಬಂತು" ಎಂದು ಅತ್ತಳು.

ಆಗ ನಮಗೆ ನೆನಪಾಯಿತು. ಕೆಲವು ವಾರಗಳ ಹಿಂದೆ ಆಕೆ ಇನ್ನರ್ಧ ರೊಟ್ಟಿ ಕೇಳಿದಾಗ "ಇಷ್ಟು ರೊಕ್ಕಾ ಸುರದ ಮ್ಯಾಲೂ ಹಸಿವೇನವ್ವಾ?" ಎಂದಿದ್ದೆವು. ಊಟಕ್ಕೆ ಕುಳಿತ ಎಲ್ಲರೂ ನಕ್ಕಿದ್ದರು. ಅಂದಿನಿಂದ ಆಕೆ ನಮ್ಮೆದುರು ಎರಡು ತುತ್ತು ಉಂಡು ಏಳುತ್ತಿದ್ದಳು.

ಮರುವಾರ ವೈದ್ಯರಲ್ಲಿಗೆ ಹೋದಾಗ ಆಕೆ ಅಪರಾಧಿಯಂತೆ ತಲೆತಗ್ಗಿಸಿ ಕುಳಿತಿದ್ದಳು. ವೈದ್ಯರು ಶಾಂತವಾಗಿ ತಿಳಿಸಿ ಹೇಳಿದರು. ಹಸಿವನ್ನು ಮಿದುಳಿಗೆ ಸೂಚಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಗುರುತಿಸಿದರು. ಅದು ಬಹುಪಾಲು ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಈ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವೇ ಹೋಗುವುದರಿಂದ ಮೊದಮೊದಲು ಹಸಿವು ಅಡಗುತ್ತದೆ. ತಿಂಗಳುಗಳು ಕಳೆದಂತೆ ದೇಹ ಹೊಂದಿಕೊಂಡು ಅನೇಕರಿಗೆ ಹಸಿವು ಮರಳುತ್ತದೆ. ಅದು ಚಿಕಿತ್ಸೆಯ ಸೋಲೂ ಅಲ್ಲ, ರೋಗಿಯ ಆಸೆಬುರುಕತನವೂ ಅಲ್ಲ.

ಆದರೆ ಹಸಿವೆನಿಸಿದ್ದೆಲ್ಲ ಹೊಟ್ಟೆಯ ಹಸಿವಲ್ಲವೆಂದೂ ಅವರು ಹೇಳಿದರು. ಬಾಯಾರಿಕೆಯೂ ಹಸಿವಿನಂತೆ ತೋರುತ್ತದೆ. ಜಠರದ ಆಮ್ಲದ ಉರಿಯೂ ಹಾಗೆಯೇ. ಬೇಸರಗೊಂಡ ಮನಸ್ಸೂ ತಿನ್ನಲು ಕೇಳುತ್ತದೆ. ಇದಲ್ಲದೆ ಆಕೆ ಮರೆಯಲ್ಲಿ ತಿನ್ನುತ್ತಿದ್ದ ಚುರುಮುರಿ, ಬಿಸ್ಕತ್ತುಗಳು ಆ ಸಣ್ಣ ಚೀಲದಿಂದ ಬೇಗ ಜಾರಿಹೋಗಿ ಮತ್ತೆ ಹಸಿವು ತರುತ್ತಿದ್ದವು. ನಾಚಿಕೆಯೇ ಹಸಿವನ್ನು ಹೆಚ್ಚಿಸಿತ್ತು.

ಆಹಾರತಜ್ಞೆಯ ಸಲಹೆಯಂತೆ ಈಗ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಳ್ಳುತ್ತೇವೆ. ಮೊದಲು ಹೆಸರುಕಾಳಿನ ಪಲ್ಯ, ಝುಣಕ, ಗಟ್ಟಿ ಮೊಸರು ಅಥವಾ ಪನೀರು, ರೊಟ್ಟಿ ಆಮೇಲೆ. ಚೆನ್ನಾಗಿ ಅಗಿದು 20ರಿಂದ 30 ನಿಮಿಷ ಉಣ್ಣಬೇಕು. ಊಟದ ನಡುವೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸಸ್ಯಾಹಾರಿಗಳಾದ ನಮ್ಮಂಥವರಲ್ಲಿ ಬಿ12 ಕೊರತೆ ಮೊದಲೇ ಸಾಮಾನ್ಯ. ಈ ಶಸ್ತ್ರಚಿಕಿತ್ಸೆಯ ನಂತರ ಜೀವಸತ್ವಗಳ ಮಾತ್ರೆ ಮತ್ತು ರಕ್ತಪರೀಕ್ಷೆಗಳನ್ನು ಜೀವನಪೂರ್ತಿ ಬಿಡುವಂತಿಲ್ಲ.

ನಾವು ಕಲಿತುಕೊಂಡದ್ದು ಇನ್ನೂ ಕಷ್ಟದ್ದು. ಆಕೆಯ ತಾಟನ್ನು ಇಣುಕಿ ನೋಡುವುದನ್ನು ಬಿಟ್ಟೆವು. ಸೀಮಂತ, ಮದುವೆಗಳಲ್ಲಿ ಬೀಗರು "ಒಂದ ಹೋಳಿಗಿ ತಿನ್ನವ್ವಾ" ಎಂದು ಒತ್ತಾಯಿಸಿದರೆ ಆಕೆಯ ಪರವಾಗಿ ನಾವೇ ಕೈಮುಗಿಯುತ್ತೇವೆ. ಹಸಿವೆಂದು ಹೇಳಿದರೆ ಯಾರೂ ನಗುವುದಿಲ್ಲ. "ನೀರು ಕುಡದೀ ಏನವ್ವಾ?" ಎಂದು ಕೇಳಿ, ಆಮೇಲೂ ಹಸಿವಿದ್ದರೆ ಬಡಿಸುತ್ತೇವೆ. ಕೆಲವೊಮ್ಮೆ ಆಕೆಯೇ "ಹೊಟ್ಟಿ ಅಲ್ರಿ ಅತ್ತಿ, ಮನಸ್ಸು" ಎನ್ನುತ್ತಾಳೆ. ಆಗ ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ಮಾತಾಡುತ್ತೇವೆ.

ಇಳಿದ ತೂಕದಲ್ಲಿ ಮೂರು ಕಿಲೋ ಮರಳಿ ಬಂದು ಅಲ್ಲಿಗೇ ನಿಂತಿದೆ. ಅದರ ಚಿಂತೆ ನಮಗಿಲ್ಲ. ಚುರುಮುರಿಯ ಡಬ್ಬಿ ಇದ್ದಲ್ಲಿಯೇ ಇದೆ; ಕತ್ತಲಲ್ಲಿ ಅದನ್ನು ಹುಡುಕುವ ಪ್ರಸಂಗ ಮಾತ್ರ ಮತ್ತೆ ಬಂದಿಲ್ಲ. ಇಂಥ ಚಿಕಿತ್ಸೆಯಾದವರು ನಿಮ್ಮ ಮನೆಯಲ್ಲಿದ್ದರೆ, ಬಂಧುಗಳೇ, ಅವರು ಹಸಿವೆಂದಾಗ ಲೆಕ್ಕ ಕೇಳಬೇಡಿರಿ. ಹತ್ತಿರ ಕೂಡ್ರಿಸಿಕೊಂಡು ಕೇಳಿರಿ.