ಕಾರವಾರದ ಕಡಲಲ್ಲಿ ಒಂದು ದಿನ

ಯಲ್ಲಾಪುರ ದಾಟಿ, ಅರಬೈಲು ಘಾಟಿಯ ತಿರುವುಗಳನ್ನು ಇಳಿದು, ಅಂಕೋಲೆಯ ಬಳಿ ಗಾಳಿಗೆ ಉಪ್ಪಿನ ವಾಸನೆ ಸೇರಿತೆಂದರೆ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಮಕ್ಕಳೆಲ್ಲ ಕಿಟಕಿಗೆ ಮುಖ ಒಡ್ಡುತ್ತಾರೆ. ಹುಬ್ಬಳ್ಳಿಯಿಂದ ಸುಮಾರು 165 ಕಿ.ಮೀ. ದೂರದ ಕಾರವಾರದಲ್ಲಿ ಕಡಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೆದ್ದಾರಿ ದಾಟಿದರೆ ಗಾಳಿಮರ, ಅದರಾಚೆ ಮರಳು, ಮರಳಿನಾಚೆ ನೀರು.

ಮಳೆಗಾಲ ಬಿಟ್ಟರೆ ಇಲ್ಲಿನ ಅಲೆಗಳಿಗೆ ಅಬ್ಬರ ಕಡಿಮೆ. ಕಾರಣ ಕಣ್ಣೆದುರೇ ಇದೆ. ದಕ್ಷಿಣಕ್ಕೆ ಬೈತಖೋಲದ ಗುಡ್ಡ ಕಡಲಿಗೆ ಚಾಚಿಕೊಂಡಿದೆ. ಅದರ ಮರೆಯಲ್ಲೇ ಬಂದರು. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ತೆರೆದ ಸಮುದ್ರದ ಅಲೆ ಇವುಗಳಿಗೆ ಬಡಿದು, ಬಳಲಿ ದಡ ಸೇರುತ್ತದೆ. ಕೊಲ್ಲಿ, ಭೂಶಿರ, ಅಳಿವೆ, ದ್ವೀಪ: ಭೂಗೋಳ ಪುಸ್ತಕದ ನಾಲ್ಕು ಪದಗಳು ಒಂದೇ ನೋಟಕ್ಕೆ ಸಿಗುತ್ತವೆ.

ಈ ಮರಳ ಮೇಲೆ 1883ರಲ್ಲಿ ಇಪ್ಪತ್ತೆರಡರ ತರುಣನೊಬ್ಬ ನಡೆದಾಡಿದ್ದ. ಹೆಸರು ರವೀಂದ್ರನಾಥ ಠಾಕೂರ್. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ವಿಹಾರಕ್ಕೆ ಹೋದವರು, ಮರಳುವಾಗ ಅಳಿವೆಯಲ್ಲಿ ಇಳಿದು ಮರಳ ಮೇಲೆಯೇ ಮನೆಗೆ ನಡೆದರು. ಆ ರಾತ್ರಿಯನ್ನು ಕವಿ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲಿಯೇ. ಲೋಕವನ್ನೇ ತೊರೆದ ಸನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮರಳಿ ಲೋಕಕ್ಕೆ ಎಳೆಯುವ ಕಥೆ ಅದು. ಕಡಲತೀರ ಇಂದು ಕವಿಯ ಹೆಸರನ್ನೇ ಹೊತ್ತಿದೆ.

ತೀರದಲ್ಲೇ ನೌಕಾಪಡೆಯಿಂದ ನಿವೃತ್ತವಾದ ‘ಚಪಲ’ ಕ್ಷಿಪಣಿ ನೌಕೆ ನಿಂತಿದೆ. ಮಕ್ಕಳ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಅದೃಷ್ಟವಿದ್ದರೆ ಅದಕ್ಕಿಂತ ದೊಡ್ಡ ಪಾಠವೂ ಕಾಣಸಿಗುತ್ತದೆ: ಹತ್ತಾರು ಮೀನುಗಾರರು ಎರಡು ಸಾಲಾಗಿ ನಿಂತು ರಂಪಣಿ ಬಲೆ ಎಳೆಯುವ ನೋಟ. ಒಬ್ಬನಿಂದ ಆಗದ ಕೆಲಸ. ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು.

ಆದರೆ ಸೌಮ್ಯವಾಗಿ ಕಾಣುವ ಕಡಲನ್ನು ಪೂರ್ತಿ ನಂಬುವಂತಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಇದೇ ನೀರಿನಲ್ಲಿ ಮಗುಚಿ 15ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. ಜೀವರಕ್ಷಕ ಜಾಕೆಟ್ ಇಲ್ಲದೆ, ಕಿಕ್ಕಿರಿದ ದೋಣಿಯಲ್ಲಿ ಮಕ್ಕಳನ್ನು ಕೂರಿಸಬಾರದು. ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ಕಡಲಿನತ್ತ ಸೆಳೆಯುತ್ತದೆ. ಅಲ್ಲಿ ಈಜುವುದು ಬೇಡ. ಮೀನುಗಾರರು ‘ಇಂದು ಬೇಡ’ ಎಂದರೆ ಅದೇ ಕೊನೆಯ ಮಾತಾಗಬೇಕು.

ಸಂಜೆ ಸೂರ್ಯ ದ್ವೀಪಗಳ ಹಿಂದೆ ಇಳಿಯುವಾಗ ಮರಳಿನ ಮೇಲೆ ಕುಳಿತು ನೋಡುವುದಕ್ಕೆ ದೋಣಿಯೂ ಬೇಡ, ದುಡ್ಡೂ ಬೇಡ.

ಹೋಗುವುದು ಹೇಗೆ?: ಹುಬ್ಬಳ್ಳಿ, ಮಂಗಳೂರಿನಿಂದ ಬಸ್ಸುಗಳಿವೆ. ಬೆಂಗಳೂರಿನಿಂದ ರಾತ್ರಿ ರೈಲಿದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ.