ಹಂದಿಮರಿಯೂ ಜೀವವಲ್ಲವೇ?

ಏಲಕ್ಕಿ ಖರೀದಿಗೆ ಬೋಡಿನಾಯಕನೂರಿಗೆ ಹೋದಾಗಲೆಲ್ಲ ನಾವು ಉತ್ತಮಪಾಳೆಯಂ ಬಂಡೆಯ ಮೇಲಿನ ತೀರ್ಥಂಕರರ ದರ್ಶನ ಮಾಡಿಯೇ ಬರುವುದು ರೂಢಿ. ಕಳೆದ ಕಾರ್ತಿಕದಲ್ಲಿ ಹಾಗೆ ಹೊರಟಾಗ ಕಂಬಂ ಕಣಿವೆಯಲ್ಲಿ ಮಳೆ ಹಿಡಿಯಿತು. ಕನ್ನಡ ಮಾತಾಡುವವರ ಮನೆಯೊಂದರ ಜಗಲಿಯಲ್ಲಿ ನಿಂತೆವು. ಹಿತ್ತಿಲಲ್ಲಿ ಹಂದಿ ಈದಿತ್ತು. ಮನೆಯಾಕೆ ಸತ್ತ ಮೂರು ಮರಿಗಳನ್ನು ಮೊರದಲ್ಲಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು.

"ನೆಲವೆಲ್ಲ ಒದ್ದೆ ಅಯ್ಯಾ. ಚಳಿಗೆ ತಾಯಿ ಮೈಗೆ ಅಂಟಿಕೊಳ್ತಾವೆ, ಅದು ಹೊರಳಿದ್ರೆ ಅಡಿಗೆ ಸಿಕ್ಕಿ ಸಾಯ್ತಾವೆ. ಒಣಗಿದ ಗೋಣಿ ಇದ್ರೆ ಕೊಡಿ" ಎಂದರು.

ಗಾಡಿಯಲ್ಲಿ ಗೋಣಿಗಳಿದ್ದವು. ಆದರೆ ಉಳಿದ ಮರಿ ನಾಳೆ ಕಟುಕನ ಪಾಲು. ಕೊಟ್ಟರೆ ಆ ಪಾಪಕ್ಕೆ ನಮ್ಮ ಅನುಮೋದನೆಯಾಗದೇ? ಹೀಗೆ ಯೋಚಿಸುತ್ತಿರುವಾಗಲೇ ಇನ್ನೊಂದು ಮರಿ ತಣ್ಣಗಾಯಿತು. ನಾಚಿಕೆಯಾಗಿ ಎಲ್ಲ ಗೋಣಿಗಳನ್ನೂ ಕೊಟ್ಟೆವು.

ಊರಿಗೆ ಬಂದು ಪರಿಚಯದ ಪಶುವೈದ್ಯರನ್ನು ಕೇಳಿದೆವು. ಹುಟ್ಟಿದ ಮರಿಗೆ ಮೈಕೊಬ್ಬಿಲ್ಲ, ಕೂದಲೂ ತೆಳು; 32 ಡಿಗ್ರಿಗೂ ಮೇಲಿನ ಬಿಸಿ ಬೇಕು. ತಾಯಿಗೆ 20 ಡಿಗ್ರಿ ಸಾಕು. ಹೆಚ್ಚಿನ ಸಾವು ಮೊದಲ 3 ದಿನಗಳಲ್ಲೇ. ಒಣಹುಲ್ಲು, ಮರಿಗಳಿಗೆ ಬೇರೆ ಮೂಲೆ, ಅಲ್ಲೊಂದು ಬಲ್ಬು, ಮೊದಲ ದಿನವೇ ಗಿಣ್ಣುಹಾಲು ದೊರೆತರೆ ಎಷ್ಟೋ ಉಳಿಯುತ್ತವೆ. ಮರಿ ಉಳಿಸಲೆಂದು ತಾಯಿಯನ್ನು ತಿರುಗಲೂ ಆಗದ ಕಬ್ಬಿಣದ ಚೌಕಟ್ಟಿನಲ್ಲಿ ಕೂಡುವುದೂ ಉಂಟಂತೆ. ತತ್ತ್ವಾರ್ಥಸೂತ್ರವು ಅಹಿಂಸಾವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಬಂಧವೇ ಮೊದಲನೆಯದು.

ವಿಮಲನಾಥ ಸ್ವಾಮಿಯ ಲಾಂಛನ ವರಾಹ. ದಾನಕ್ಕೆ ಹೆಸರಾದ ನಾಲ್ವರಲ್ಲಿ ಸಮಂತಭದ್ರಾಚಾರ್ಯರು ಒಂದು ಹಂದಿಯನ್ನೂ ಸೇರಿಸಿದ್ದಾರೆ. ತಿನ್ನದಿರುವುದರಿಂದಲೇ ನಮ್ಮ ಅಹಿಂಸೆ ಮುಗಿಯಿತೇ? ಧರ್ಮಬಂಧುಗಳು ಯೋಚಿಸಬೇಕು. ನಾವು ತಡಮಾಡಿದ್ದಕ್ಕೆ ಹೋದ ಆ ನಾಲ್ಕನೆಯ ಮರಿಯನ್ನು ಪ್ರತಿಕ್ರಮಣದಲ್ಲಿ ಇಂದಿಗೂ ನೆನೆಯುತ್ತೇವೆ.